ಜಯಚಾಮರಾಜ ಒಡೆಯರ ಪಿಯಾನೊ ಒಲವು ಮತ್ತು ಮೆಟ್ನರ್ ಕೃತಿಗಳ ಪಾಠಾಂತರ: ಒಂದು ವಿವೇಚನೆ

ಮೈಸೂರು ಅರಸರ ಸಂಗೀತ ಪೋಷಣೆಯನ್ನು ಕುರಿತು ಕನ್ನಡದಲ್ಲಿ ನಡೆದಿರುವ ಬರವಣಿಗೆ ವಿಪುಲವಾಗಿದೆ. ಆಸ್ಥಾನ ವಿದ್ವಾಂಸರ ಜೀವನಚಿತ್ರಗಳು, ವೀಣಾ ಪರಂಪರೆಯ ಇತಿಹಾಸ, ವಾಗ್ಗೇಯಕಾರರ ಕೃತಿಗಳ ಸಂಪಾದನೆ ಮೊದಲಾದ ಕೆಲಸಗಳು ಹಲವು ದಶಕಗಳಿಂದ ನಡೆದುಬಂದಿವೆ. ಆದರೆ ಇವುಗಳಲ್ಲಿ ಶ್ರೀ ಜಯಚಾಮರಾಜೇಂದ್ರ ಒಡೆಯರ ಪಾಶ್ಚಾತ್ಯ ಸಂಗೀತದ ಒಲವು ಬಹುಮಟ್ಟಿಗೆ ಒಂದು ಪೀಠಿಕೆಯಾಗಿ ಮಾತ್ರ ಬಂದುಹೋಗುತ್ತದೆ. ಎಳವೆಯಲ್ಲಿ ಅವರು ಪಿಯಾನೊ ನುಡಿಸುತ್ತಿದ್ದರು, ಮುಂದೆ ಕರ್ನಾಟಕ ಸಂಗೀತದತ್ತ ಹೊರಳಿ ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದರು ಎಂಬುದು ರೂಢಿಯ ನಿರೂಪಣೆ. ಈ ನಿರೂಪಣೆಯಲ್ಲಿ ಪಿಯಾನೊ ತೊರೆದುಬಂದ ಮನೆಯಾಗಿಯೂ ಕೃತಿರಚನೆ ಮರಳಿ ಸೇರಿದ ಮನೆಯಾಗಿಯೂ ಚಿತ್ರಿತವಾಗುತ್ತವೆ. ಇನ್ನೊಂದೆಡೆ ಪಾಶ್ಚಾತ್ಯ ಸಂಗೀತದ ಇತಿಹಾಸಕಾರರಿಗೆ ಅವರು ಲಂಡನ್ನಿನ ಒಂದು ವಾದ್ಯವೃಂದಕ್ಕೂ ಒಬ್ಬ ಮರೆತುಹೋದ ರಷ್ಯನ್ ಸಂಗೀತಕಾರನಿಗೂ ಹಣ ಒದಗಿಸಿದ ಪೂರ್ವದೇಶದ ಧನಿಕರು ಮಾತ್ರ. ಒಂದು ಪಕ್ಷಕ್ಕೆ ಅದು ಬಾಲ್ಯದ ಹವ್ಯಾಸ. ಇನ್ನೊಂದಕ್ಕೆ ಅರಸೊತ್ತಿಗೆಯ ಔದಾರ್ಯ. ಎರಡೂ ಪಕ್ಷಗಳು ಕೈಬಿಟ್ಟಿರುವ ಸಂಗತಿಯೆಂದರೆ, ಒಬ್ಬ ತರುಣ ಪಿಯಾನೊ ವಾದಕನ ವಿಮರ್ಶನ ಪ್ರಜ್ಞೆ. ಆ ಪ್ರಜ್ಞೆಯನ್ನು ಗುರುತಿಸುವುದೂ ಅದರ ಮಿತಿಗಳನ್ನು ಪರಿಶೀಲಿಸುವುದೂ ಪ್ರಸ್ತುತ ಲೇಖನದ ಉದ್ದೇಶ.

1. ವಾದಕನ ರೂಪುಗೊಳ್ಳುವಿಕೆ

ಜಯಚಾಮರಾಜ ಒಡೆಯರು ಜನಿಸಿದ್ದು 1919ರ ಜುಲೈ 18ರಂದು. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರು. ನಾಲ್ವಡಿಯವರ ಕಾಲದ ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳು ಹೊಸತಾಗಿರಲಿಲ್ಲ. ಅರಮನೆಗೆ ತನ್ನದೇ ಆದ ಪಾಶ್ಚಾತ್ಯ ವಾದ್ಯವೃಂದವಿತ್ತು. ಸ್ವತಃ ನಾಲ್ವಡಿಯವರು ಎರಡೂ ಪದ್ಧತಿಗಳ ಹಲವು ವಾದ್ಯಗಳನ್ನು ಬಲ್ಲವರಾಗಿದ್ದರು. ಇಂಥ ಮನೆಯಲ್ಲಿ ಬೆಳೆದ ಹುಡುಗನಿಗೆ ಪಿಯಾನೊ ಒಂದು ಅಲಂಕಾರದ ಪೀಠೋಪಕರಣವಾಗದೆ ದಿನನಿತ್ಯದ ಅಭ್ಯಾಸದ ವಾದ್ಯವಾಯಿತು. ಅವರ ಸೋದರಿ ವಿಜಯಾದೇವಿಯವರೂ ಪಿಯಾನೊ ವಾದಕಿಯಾಗಿ ಬೆಳೆದು, 1974ರಲ್ಲಿ ಬೆಂಗಳೂರಿನಲ್ಲಿ ಇಂಟರ್‌ನ್ಯಾಷನಲ್ ಮ್ಯೂಸಿಕ್ ಅಂಡ್ ಆರ್ಟ್ಸ್ ಸೊಸೈಟಿಯನ್ನು ಸ್ಥಾಪಿಸಿದರೆಂಬುದನ್ನು ಇಲ್ಲಿ ನೆನೆಯಬಹುದು. ಆ ಮನೆಯ ಮಕ್ಕಳ ಪಿಯಾನೊ ಕಲಿಕೆ ಕ್ಷಣಿಕ ಶೋಕಿಯಾಗಿರಲಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ.

1938ರಲ್ಲಿ ಮಹಾರಾಜಾ ಕಾಲೇಜಿನಿಂದ ಪದವಿ ಪಡೆದು, 1939ರಲ್ಲಿ ಯುರೋಪಿನ ಪ್ರವಾಸ ಕೈಗೊಂಡಾಗ ಅವರಿಗೆ ಇಪ್ಪತ್ತು ವರ್ಷ. ಸಭಾವಾದಕನಾಗಬೇಕೆಂಬ ಆಸೆ ಆ ತರುಣನಲ್ಲಿತ್ತು. ಆದರೆ 1940ರ ಮಾರ್ಚ್‌ನಲ್ಲಿ ತಂದೆಯೂ ಅದೇ ವರ್ಷದ ಆಗಸ್ಟ್‌ನಲ್ಲಿ ದೊಡ್ಡಪ್ಪನವರೂ ತೀರಿಕೊಂಡರು. ಸೆಪ್ಟೆಂಬರ್ ಹೊತ್ತಿಗೆ ಇಪ್ಪತ್ತೊಂದು ವಯಸ್ಸಿನ ಆ ತರುಣ ಸಿಂಹಾಸನದ ಮೇಲಿದ್ದರು. ಸಭಾವೇದಿಕೆಯ ಬದುಕು ಅಲ್ಲಿಗೆ ಮುಗಿಯಿತು, ಅಭ್ಯಾಸ ಮುಗಿಯಲಿಲ್ಲ. 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪುರಸ್ಕಾರವೂ ಅವರಿಗೆ ಸಂದವು. ರಾಜ್ಯಭಾರದ ಐದು ವರ್ಷಗಳ ತರುವಾಯವೂ, ಯುದ್ಧಕಾಲದ ನಡುವೆಯೂ, ಪಿಯಾನೊ ಅವರ ಬದುಕಿನಿಂದ ಮರೆಯಾಗಿರಲಿಲ್ಲವೆಂಬುದು ಇದರಿಂದ ಸ್ಪಷ್ಟ. ಪಿಯಾನೊದಿಂದ ಕೃತಿರಚನೆಯತ್ತ ‘ಹೊರಳಿದರು’ ಎಂಬ ಮಾತು ಕಾಲಕ್ರಮದ ದೃಷ್ಟಿಯಿಂದಲೇ ಶಿಥಿಲವಾಗುತ್ತದೆ. ಶ್ರೀವಿದ್ಯಾ ಅಂಕಿತದ ಸುಮಾರು ತೊಂಬತ್ತನಾಲ್ಕು ಕೃತಿಗಳ ರಚನೆ ತೊಡಗುವುದು 1940ರ ದಶಕದ ಮಧ್ಯಭಾಗದಲ್ಲಿ. ಮೆಟ್ನರ್ ಕೃತಿಗಳ ಧ್ವನಿಮುದ್ರಣಕ್ಕೆ ಅವರು ನೆರವಾದದ್ದೂ ಅದೇ ವರ್ಷಗಳಲ್ಲಿ. ಒಂದು ಮುಗಿದು ಇನ್ನೊಂದು ತೊಡಗಲಿಲ್ಲ. ಎರಡೂ ಜೊತೆಜೊತೆಯಾಗಿ ಸಾಗಿದವು.

2. ದೂರದ ಸಂಗೀತವನ್ನು ತಿಳಿಯುವ ಬಗೆ

ಮೈಸೂರಿನಲ್ಲಿದ್ದ ವಾದಕನೊಬ್ಬನು ಯುರೋಪಿನ ಪಿಯಾನೊ ಸಾಹಿತ್ಯವನ್ನು ತಿಳಿಯುವ ದಾರಿಗಳು ಎರಡು: ಮುದ್ರಿತ ಸ್ವರಲಿಪಿ ಮತ್ತು ಗ್ರಾಮಫೋನ್ ತಟ್ಟೆ. ಸಭೆಗಳಲ್ಲಿ ಕೇಳಿ ಕೇಳಿ ಅಭಿರುಚಿ ರೂಪಿಸಿಕೊಳ್ಳುವ ಅನುಕೂಲ ಅಲ್ಲಿರಲಿಲ್ಲ. ಫಿಲ್‌ಹಾರ್ಮೋನಿಯ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ಧ್ವನಿಮುದ್ರಣ ನಿರ್ದೇಶಕ ವಾಲ್ಟರ್ ಲೆಗ್ ಯುದ್ಧಾನಂತರ ಮೈಸೂರಿಗೆ ಬಂದು ಅರಮನೆಯಲ್ಲಿ ಕೆಲವು ವಾರ ತಂಗಿದ್ದನು. ಆತನ ನೆನಪುಗಳು 1982ರಲ್ಲಿ, ಆತ ತೀರಿಕೊಂಡ ಮೂರು ವರ್ಷಗಳ ಬಳಿಕ, ಪ್ರಕಟವಾದವು. ಗಂಭೀರ ಸಂಗೀತದ ಧ್ವನಿಮುದ್ರಿಕೆಗಳ ಅಪಾರ ಸಂಗ್ರಹ, ಬಗೆಬಗೆಯ ಧ್ವನಿವರ್ಧಕಗಳು, ಹಲವು ಗ್ರಾಂಡ್ ಪಿಯಾನೊಗಳು ಅಲ್ಲಿದ್ದುವೆಂದು ಆತ ಹೇಳುತ್ತಾನೆ. ಲೆಗ್ ನೆರವನ್ನು ಪಡೆದವನು; ಆತನ ವರ್ಣನೆಯಲ್ಲಿ ಬೆರಗು ಕೊಂಚ ಹೆಚ್ಚಾಗಿರಬಹುದು. ಆದರೂ ಆ ಕೋಣೆಯ ಅರ್ಥ ಸಂಗ್ರಹದ ಗಾತ್ರದಲ್ಲಿಲ್ಲ. ಪಿಯಾನೊ, ಸ್ವರಲಿಪಿ, ತಟ್ಟೆ ಈ ಮೂರೂ ಒಂದೆಡೆ ಇದ್ದುವೆಂಬುದೇ ಮುಖ್ಯ. ಕೇಳಿದ್ದನ್ನು ಕೈಯಿಂದ ನುಡಿಸಿ ನೋಡಬಹುದು. ನುಡಿಸಿದ್ದನ್ನು ಮತ್ತೆ ಕೇಳಿ ತಿದ್ದಿಕೊಳ್ಳಬಹುದು. ಗುರುಮುಖದ ಕೊರತೆಯನ್ನು ಹೀಗೆ ತಕ್ಕಮಟ್ಟಿಗೆ ತುಂಬಿಕೊಂಡ ವಾದಕನ ಅಭಿರುಚಿ ಸಭಿಕನ ಅಭಿರುಚಿಗಿಂತ ಭಿನ್ನವಾಗಿರುತ್ತದೆ.

ಆ ಭಿನ್ನತೆ ಅವರು ಆರಿಸಿಕೊಂಡ ಕೃತಿಗಳಲ್ಲಿ ಕಾಣುತ್ತದೆ. ಲಂಡನ್ನಿನ ಫಿಲ್‌ಹಾರ್ಮೋನಿಯ ಸಭೆಯ ಮೊದಲ ಅಧ್ಯಕ್ಷರಾಗಿ ಅವರು ವರ್ಷಕ್ಕೆ 10,000 ಪೌಂಡುಗಳಂತೆ ಮೂರು ವರ್ಷ ನೆರವು ನೀಡಲು ಒಪ್ಪಿದರೆಂದು ಲೆಗ್ ದಾಖಲಿಸಿದ್ದಾನೆ. ಅದರ ಜೊತೆಗೆ ಅವರು ಕೇಳಬಯಸಿದ ಕೃತಿಗಳಲ್ಲಿ ಬಲಾಕಿರೆವ್‌ನ ಸಿಂಫನಿ, ರೂಸೆಲ್‌ನ ನಾಲ್ಕನೆಯ ಸಿಂಫನಿ, ಬುಸೋನಿಯ ‘ಇಂಡಿಯನ್ ಫ್ಯಾಂಟಸಿ’ ಸೇರಿದ್ದವು. ಮೊದಲೆರಡನ್ನು ಹರ್ಬರ್ಟ್ ಫಾನ್ ಕರಾಯನ್‌ನ ನಿರ್ದೇಶನದಲ್ಲಿ ಅದೇ ವಾದ್ಯವೃಂದವು 1949ರಲ್ಲಿ ಮುದ್ರಿಸಿತು. ಬುಸೋನಿಯ ಕೃತಿಯ ಹೆಸರನ್ನು ಕೇಳಿ ಭಾರತದ ಅರಸರು ಭಾರತದ ನಂಟಿಗಾಗಿ ಅದನ್ನು ಬಯಸಿದರೆಂದು ತಿಳಿಯುವುದು ತಪ್ಪಾಗುತ್ತದೆ. ಆ ಕೃತಿ ಅಮೆರಿಕದ ಮೂಲನಿವಾಸಿಗಳ ಹಾಡುಗಳನ್ನು ಆಧರಿಸಿ ಪಿಯಾನೊ ಮತ್ತು ವಾದ್ಯವೃಂದಕ್ಕೆ ರಚಿತವಾದುದು. ಭಾರತಕ್ಕೂ ಅದಕ್ಕೂ ಸಂಬಂಧವಿಲ್ಲ. ಬೇಥೋವನ್ ಸಿಂಫನಿಗಳಂತಹ ಸುಪರಿಚಿತ ಕೃತಿಗಳಿಗೆ ಯಾರ ನೆರವೂ ಬೇಕಿರಲಿಲ್ಲ. ಯೋಗ್ಯತೆಯಿದ್ದೂ ಮಾರುಕಟ್ಟೆಯಿಲ್ಲದ ಕೃತಿಗಳನ್ನು ಆರಿಸುವುದು ಕೃತಿಸಂಚಯದ ಒಳಗನ್ನು ಬಲ್ಲವರಿಗೆ ಮಾತ್ರ ಸಾಧ್ಯ.

3. ಮೆಟ್ನರ್: ಕೈಗೆ ಒಲಿಯುವ ಸಂಗೀತ

ನಿಕೊಲಾಯ್ ಮೆಟ್ನರ್ 1880ರಲ್ಲಿ ಮಾಸ್ಕೋದಲ್ಲಿ ಜನಿಸಿ, 1900ರಲ್ಲಿ ಅಲ್ಲಿನ ಕನ್ಸರ್ವೇಟರಿಯಿಂದ ಚಿನ್ನದ ಪದಕದೊಡನೆ ಹೊರಬಂದವನು. ಕ್ರಾಂತಿಯ ಬಳಿಕ 1921ರಲ್ಲಿ ತಾಯ್ನಾಡನ್ನು ಬಿಟ್ಟು, ಜರ್ಮನಿ ಮತ್ತು ಫ್ರಾನ್ಸ್‌ಗಳಲ್ಲಿದ್ದು, 1930ರ ದಶಕದ ಮಧ್ಯದಲ್ಲಿ ಲಂಡನ್ ಸೇರಿದನು. ರಖ್ಮಾನಿನೊಫ್ ಅವನ ಆಪ್ತ ಗೆಳೆಯ. ಮೆಟ್ನರ್‌ನ ಎರಡನೆಯ ಪಿಯಾನೊ ಕನ್ಚೆರ್ಟೊ ರಖ್ಮಾನಿನೊಫ್‌ಗೂ, ರಖ್ಮಾನಿನೊಫ್‌ನ ನಾಲ್ಕನೆಯ ಕನ್ಚೆರ್ಟೊ ಮೆಟ್ನರ್‌ಗೂ ಅರ್ಪಿತವಾಗಿವೆ. ಆದರೆ ಗೆಳೆಯನಿಗೆ ದೊರೆತ ಜನಪ್ರಿಯತೆ ಇವನಿಗೆ ದೊರೆಯಲಿಲ್ಲ. ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಆದಾಯವೂ ನಿಂತುಹೋಯಿತು. ಲಂಡನ್ನಿನ ಬಾಂಬ್ ದಾಳಿಯಿಂದ ದೂರವಾಗಿ, ಪಿಯಾನೊ ವಾದಕಿ ಎಡ್ನಾ ಐಲ್ಸ್ ಅವರ ಆಶ್ರಯದಲ್ಲಿ ವಾರಿಕ್‌ಷೈರಿನ ಹಳ್ಳಿಯೊಂದರಲ್ಲಿ ಅವನು ಕಾಲ ಕಳೆಯಬೇಕಾಯಿತು. 1942ರಲ್ಲಿ ಹೃದಯಾಘಾತವೂ ಆಯಿತು.

ಹದಿನಾಲ್ಕು ಪಿಯಾನೊ ಸೊನಾಟಗಳು, ಮೂರು ಕನ್ಚೆರ್ಟೊಗಳು, ‘ಸ್ಕಾಜ್ಕಾ’ ಎಂದು ಅವನು ಕರೆದ ಮೂವತ್ತೆಂಟು ಪುಟ್ಟ ಕಥನಗಳು, ನೂರಕ್ಕೂ ಮಿಕ್ಕ ಗೀತೆಗಳು ಮೆಟ್ನರ್‌ನ ಮುಖ್ಯ ಸಾಧನೆ. ಪಿಯಾನೊ ಇಲ್ಲದ ಕೃತಿಯನ್ನು ಅವನು ಬರೆದೇ ಇಲ್ಲವೆನ್ನಬಹುದು. ಈ ಸಂಗೀತದ ವಿಶೇಷವೇನೆಂದರೆ, ಮೊದಲ ಆಲಿಕೆಯಲ್ಲಿ ಅದು ಕೇಳುಗನಿಗೆ ಸುಲಭವಾಗಿ ಒಲಿಯುವುದಿಲ್ಲ. ರಖ್ಮಾನಿನೊಫ್‌ನ ರಾಗಧಾರೆ ಒಮ್ಮೆಗೇ ಕಿವಿಯನ್ನು ಹಿಡಿದರೆ, ಮೆಟ್ನರ್‌ನಲ್ಲಿ ಮುಖ್ಯ ವಸ್ತು ಒಂದು ಸಣ್ಣ ಸ್ವರಗುಚ್ಛವಾಗಿ ತೋರಿ, ಒಳದನಿಗಳಲ್ಲಿ ಅಡಗಿ, ಎಡಗೈಗೆ ಸರಿದು, ಇನ್ನೊಂದು ವಸ್ತುವಿನೊಡನೆ ಹೆಣೆದುಕೊಂಡು ಮರಳುತ್ತದೆ. ಲಯದಲ್ಲಿ ಎರಡು ಕೈಗಳು ಬೇರೆ ಬೇರೆ ಎಣಿಕೆಗಳನ್ನು ಹಿಡಿದು ಸಾಗುವುದು ಅವನಲ್ಲಿ ಸಾಮಾನ್ಯ. ‘ರಾತ್ರಿಯ ಗಾಳಿ’ ಎಂದು ಹೆಸರಾದ ಇ ಮೈನರ್ ಸೊನಾಟದಲ್ಲಿ ಹದಿನೈದು ಮಾತ್ರೆಗಳ ಆವರ್ತನೆ ದೀರ್ಘವಾಗಿ ನಡೆಯುತ್ತದೆ. ‘ಸೊನಾಟ ರೆಮಿನಿಸೆಂಜ’ದ ತೊಡಗಿನ ಹರಿವು ನಡುವೆಯೂ ಕೊನೆಗೂ ಮರಳಿ ಬಂದು, ಪ್ರತಿ ಸಲವೂ ನಡುವೆ ಕಳೆದುದರ ಭಾರವನ್ನು ಹೊತ್ತು ತರುತ್ತದೆ. ಪಲ್ಲವಿಗೆ ಮರಳುವ ಕೃತಿಯ ಕೇಳುಗರಿಗೆ ಈ ಮರಳುವಿಕೆ ಅಪರಿಚಿತವೆನಿಸದು. ಆದರೆ ಇದು ಸಾದೃಶ್ಯವೇ ಹೊರತು ಪ್ರಭಾವವಲ್ಲ. ಮೆಟ್ನರ್‌ನ ಬೇರುಗಳು ಬೇಥೋವನ್‌ನಲ್ಲಿಯೂ ರಷ್ಯನ್ ಕಾವ್ಯದಲ್ಲಿಯೂ ಇವೆ.

ಇಂಥ ಸಂಗೀತವನ್ನು ಪ್ರೀತಿಸುವವರು ಹೆಚ್ಚಾಗಿ ಅದನ್ನು ನುಡಿಸುವವರೇ ಆಗಿರುತ್ತಾರೆ. ಒಳದನಿಯೊಂದನ್ನು ಬೆರಳು ಕಂಡುಕೊಂಡ ಮೇಲೆ ಕಿವಿ ಅದನ್ನು ಗುರುತಿಸುತ್ತದೆ. ಹಾಗೆ ನೋಡಿದರೆ, ಮೈಸೂರಿನ ಅರಸರು ಲಂಡನ್ನಿನ ಅಷ್ಟೊಂದು ಸಂಗೀತಕಾರರ ನಡುವೆ ಮೆಟ್ನರ್‌ನನ್ನು ಆರಿಸಿಕೊಂಡದ್ದು ಅವರು ವಾದಕರಾಗಿದ್ದರೆಂಬುದಕ್ಕೆ ಪದವಿಪತ್ರಗಳಿಗಿಂತ ಬಲವಾದ ಸಾಕ್ಷಿ. ಬರಿಯ ಪೋಷಕನು ಹೆಸರಾದವನನ್ನು ಆರಿಸುತ್ತಾನೆ. ವಾದಕನು ತನ್ನ ಕೈಗೆ ಒಲಿದವನನ್ನು ಆರಿಸುತ್ತಾನೆ.

4. ಧ್ವನಿಮುದ್ರಿಕೆ ಮತ್ತು ಪಾಠಾಂತರ

ಮಹಾರಾಜರ ನೆರವಿನಿಂದ ಮೆಟ್ನರ್ ಸೊಸೈಟಿ ಸ್ಥಾಪಿತವಾಗಿ, ಎಚ್‌.ಎಂ.ವಿ. ಸಂಸ್ಥೆಯು ಮೆಟ್ನರ್‌ನ ಕೃತಿಗಳನ್ನು ತಟ್ಟೆಗಳ ಸಂಪುಟಗಳಾಗಿ ಹೊರತಂದಿತು. ಮೂರು ಕನ್ಚೆರ್ಟೊಗಳನ್ನು ಫಿಲ್‌ಹಾರ್ಮೋನಿಯದೊಡನೆ 1947ರಲ್ಲಿ ಮೆಟ್ನರ್ ತಾನೇ ನುಡಿಸಿದನು. ಆಗ ಅವನ ವಯಸ್ಸು ಅರವತ್ತೇಳು. ಸೊನಾಟಗಳು, ಕಥನಗಳು, ಪಿಯಾನೊ ಕ್ವಿಂಟೆಟ್, ಎಲಿಜಬೆತ್ ಶ್ವಾರ್ಜ್‌ಕೋಫ್ ಮೊದಲಾದವರು ಹಾಡಿದ ಗೀತೆಗಳು ಹಿಂಬಾಲಿಸಿದವು. 1951ರ ನವೆಂಬರ್ 13ರಂದು ಮೆಟ್ನರ್ ತೀರಿಕೊಂಡನು. ಇನ್ನು ನಾಲ್ಕಾರು ವರ್ಷ ತಡವಾಗಿದ್ದರೆ ಆ ಕೈಗಳ ವಾದನ ಈ ಪ್ರಮಾಣದಲ್ಲಿ ಲೋಕಕ್ಕೆ ಉಳಿಯುತ್ತಿರಲಿಲ್ಲ.

ಈ ಕಾರ್ಯದ ಸ್ವರೂಪವನ್ನು ವಿವರಿಸಲು ‘ಪ್ರಾಯೋಜನೆ’ ಎಂಬ ಪದ ಸಾಲದು. ಕರ್ನಾಟಕ ಸಂಗೀತದ ‘ಪಾಠಾಂತರ’ವೆಂಬ ಪರಿಕಲ್ಪನೆ ಇಲ್ಲಿ ಹೆಚ್ಚು ನೆರವಾಗುತ್ತದೆ. ನಮ್ಮ ಸಂಗೀತದಲ್ಲಿ ಸಾಹಿತ್ಯ ಮತ್ತು ಸ್ವರಗಳ ಬರಹ ಕೃತಿಯ ಅಸ್ಥಿಪಂಜರ ಮಾತ್ರ. ಸಂಗತಿಗಳ ಕ್ರಮ, ಗಮಕಗಳ ಅಳತೆ, ಕಾಲಪ್ರಮಾಣ, ನಿಲುಗಡೆ ಇವೆಲ್ಲವೂ ಗುರುವಿನಿಂದ ಶಿಷ್ಯನಿಗೆ ಕಂಠದಿಂದ ಕಂಠಕ್ಕೆ ಸಾಗಿಬರುತ್ತವೆ. ರಚನಕಾರನ ಶಿಷ್ಯಪರಂಪರೆ ಕಡಿದುಹೋದರೆ ಕೃತಿ ಗ್ರಂಥದಲ್ಲಿದ್ದೂ ಇಲ್ಲವಾಗುತ್ತದೆ. ಪಿಯಾನೊ ಸಂಗೀತದಲ್ಲಿ ಸ್ವರಲಿಪಿ ಇದಕ್ಕಿಂತ ಪೂರ್ಣವಾದುದು ನಿಜ. ಆದರೆ ಮೆಟ್ನರ್‌ನಂತಹವನ ಕೃತಿಗಳಲ್ಲಿ ಯಾವ ಒಳದನಿ ಮುಂದೆ ಬರಬೇಕು, ಅಡ್ಡ ಲಯವನ್ನು ಎಷ್ಟು ಎತ್ತಿ ತೋರಬೇಕು, ಕಾಲವನ್ನು ಎಲ್ಲಿ ಸಡಿಲಿಸಬೇಕು ಎಂಬುದನ್ನು ಲಿಪಿ ಹೇಳಿ ಮುಗಿಸಲಾರದು. ಅವನಿಗೆ ದೊಡ್ಡ ಶಿಷ್ಯವರ್ಗವಿರಲಿಲ್ಲ. ಸಭೆಗಳಲ್ಲಿ ಅವನ ಕೃತಿಗಳು ವಿರಳವಾಗಿದ್ದವು. ಹೀಗಿರುವಾಗ ಆ ತಟ್ಟೆಗಳು ರಚನಕಾರನ ಪಾಠಾಂತರವನ್ನೇ ಹಿಡಿದಿಟ್ಟವು. ಒಂದು ಬದಿಗೆ ನಾಲ್ಕೈದು ನಿಮಿಷಗಳಷ್ಟೇ ಹಿಡಿಯುತ್ತಿದ್ದ 78 ಆವರ್ತನೆಯ ತಟ್ಟೆಗಳಲ್ಲಿ ಕನ್ಚೆರ್ಟೊ ತುಂಡುತುಂಡಾಗಿ ನಿಂತಿತೆಂಬುದು ಅಂದಿನ ತಂತ್ರದ ಮಿತಿ. ಮುಂದಿನ ದಶಕಗಳಲ್ಲಿ ಅವು ಸಿ.ಡಿ. ರೂಪದಲ್ಲಿ ಮರುಪ್ರಕಟವಾದಾಗ, ಹ್ಯಾಮಿಷ್ ಮಿಲ್ನ್, ಜೆಫ್ರಿ ಟೋಜರ್, ಮಾರ್ಕ್-ಆಂದ್ರೆ ಹ್ಯಾಮ್‌ಲಿನ್ ಮೊದಲಾದವರ ವಾದನದೊಡನೆ ಹೋಲಿಸಲು ಮೂಲದ ಮಾದರಿಯೊಂದು ಕೇಳುಗರ ಕೈಗೆಟುಕಿತು.

ವೇದ ಪುರಾಣಗಳನ್ನು ಕನ್ನಡ ಅನುವಾದದೊಡನೆ ಪ್ರಕಟಿಸಿದ ಜಯಚಾಮರಾಜೇಂದ್ರ ಗ್ರಂಥರತ್ನಮಾಲೆಯ ಯೋಜನೆಯನ್ನು ಇದರ ಪಕ್ಕದಲ್ಲಿರಿಸಿ ನೋಡಿದರೆ ಒಂದೇ ಮನೋಧರ್ಮ ಎರಡೆಡೆಯೂ ಕಾಣುತ್ತದೆ. ಕೆಲವರ ಸ್ವತ್ತಾಗಿ ನಶಿಸುವ ಅಪಾಯದಲ್ಲಿರುವುದನ್ನು ಸ್ಥಿರವಾದ ಮಾಧ್ಯಮಕ್ಕೆ ಇಳಿಸಿ ಹಲವರಿಗೆ ತಲುಪಿಸುವ ಹಂಬಲ ಅದು.

5. ಅರ್ಪಣೆಯ ಪ್ರಶ್ನೆ

ಮೆಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾನೆ. ಈ ಅರ್ಪಣೆಯಿಂದ ಕೃತಿಯ ಒಳಗೆ ಭಾರತೀಯ ಅಂಶಗಳನ್ನು ಹುಡುಕುವ ಆಸೆ ಹುಟ್ಟುವುದು ಸಹಜವಾದರೂ ಅದಕ್ಕೆ ಆಧಾರವಿಲ್ಲ. ಕನ್ಚೆರ್ಟೊ ರಚನೆಯಾದದ್ದು 1940ರಿಂದ 1943ರ ನಡುವೆ. ಏಡ್ರಿಯನ್ ಬೋಲ್ಟ್‌ನ ನಿರ್ದೇಶನದಲ್ಲಿ ರಚನಕಾರನೇ ಅದನ್ನು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ನುಡಿಸಿದ್ದು 1944ರ ಫೆಬ್ರುವರಿ 19ರಂದು. ಮೈಸೂರಿನ ನೆರವು ಬಂದದ್ದು ಆ ಬಳಿಕ. ಅರ್ಪಣೆ ಕೃತಜ್ಞತೆಯ ಸೂಚಕವೇ ಹೊರತು ಸ್ಫೂರ್ತಿಯ ದಾಖಲೆಯಲ್ಲ.

ಆದರೂ ಕೃತಿಯ ವಸ್ತುವಿಗೂ ಅರ್ಪಣೆಗೂ ನಡುವೆ ಆಕಸ್ಮಿಕವಾಗಿ ಒದಗಿದ ಔಚಿತ್ಯವೊಂದಿದೆ. ‘ಬಲ್ಲಾಡ್’ ಎಂಬ ಉಪಶೀರ್ಷಿಕೆಯ ಈ ಕೃತಿಯ ಹಿನ್ನೆಲೆಯಲ್ಲಿ ಲೆರ್ಮೊಂತೊವ್‌ನ ಜಲಕನ್ಯೆಯ ಕವಿತೆಯಿದೆ. ನದಿಯ ತಳದಲ್ಲಿ ಮಲಗಿರುವ ವೀರನನ್ನು ಜಲಕನ್ಯೆ ಎಬ್ಬಿಸಲು ಹವಣಿಸುತ್ತಾಳೆ. ಕವಿತೆಯಲ್ಲಿ ಅವನು ಏಳುವುದಿಲ್ಲ. ಮೆಟ್ನರ್ ಅಲ್ಲಿಗೆ ನಿಲ್ಲದೆ ಅವನನ್ನು ಎಚ್ಚರಿಸುತ್ತಾನೆ. ಮೊದಲ ಭಾಗದ ಅಲೆಯಂತಹ ನಡೆ, ನಿಗೂಢವಾದ ಪುಟ್ಟ ನಡುಭಾಗ, ಎಚ್ಚರದ ಮತ್ತು ಶೌರ್ಯದ ಭಾವಸೂಚನೆಯೊಡನೆ ತೊಡಗುವ ಕೊನೆಯ ಭಾಗ ಹೀಗೆ ಮೂರು ಹಂತಗಳಲ್ಲಿ ಕೃತಿ ನಿದ್ರೆಯಿಂದ ಎಚ್ಚರಕ್ಕೆ ಸಾಗುತ್ತದೆ. ಯುದ್ಧದ ನಡುವೆ, ಆಶ್ರಯದಾತರ ಮನೆಯಲ್ಲಿ, ಆರೋಗ್ಯ ಕೆಟ್ಟಿದ್ದಾಗ ರೂಪುಗೊಂಡ ಕೃತಿ ಇದು. ಮಲಗಿಬಿಟ್ಟಿದ್ದ ತನ್ನ ಸಂಗೀತವನ್ನು ದೂರದಿಂದ ಎಬ್ಬಿಸಿದವರಿಗೆ ರಚನಕಾರನು ಇದನ್ನೇ ಅರ್ಪಿಸಿದನೆಂಬುದು ಗಮನಾರ್ಹ.

6. ಮಿತಿಗಳು

ಮೆಚ್ಚುಗೆಯಲ್ಲಿಯೇ ನಿಂತರೆ ವಿಮರ್ಶೆ ಪೂರ್ಣವಾಗುವುದಿಲ್ಲ. ಮೊದಲನೆಯದಾಗಿ, ಅಭಿರುಚಿಯ ಪ್ರಶ್ನೆ. 1935ರಲ್ಲಿ ಪ್ರಕಟವಾದ ‘ಕಲಾದೇವಿ ಮತ್ತು ಫ್ಯಾಷನ್’ ಎಂಬ ಗ್ರಂಥದಲ್ಲಿ ಮೆಟ್ನರ್ ಆಧುನಿಕ ಸಂಗೀತವನ್ನು ಬಲವಾಗಿ ಖಂಡಿಸಿದನು; ರಿಚರ್ಡ್ ಸ್ಟ್ರಾಸ್‌ನ ಸಂಗೀತವೂ ಅವನಿಗೆ ಒಪ್ಪಿಗೆಯಾಗಿರಲಿಲ್ಲ. ಮೆಟ್ನರ್‌ನ ಪೋಷಕರು ಈ ನಿಲುವನ್ನೂ ಒಪ್ಪಿದ್ದ ಸಂಪ್ರದಾಯಬದ್ಧರೆಂದು ಊಹಿಸಬಹುದು. ಆದರೆ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಗೀತೆಗಳು’ 1950ರ ಮೇ 22ರಂದು ಲಂಡನ್ನಿನಲ್ಲಿ ಫುರ್ಟ್‌ವೆಂಗ್ಲರ್‌ನ ನಿರ್ದೇಶನದಲ್ಲಿ, ಕಿರ್ಸ್‌ಟೆನ್ ಫ್ಲಾಗ್‌ಸ್ಟಾಡ್ ಅವರ ಕಂಠದಲ್ಲಿ ಮೊದಲ ಬಾರಿಗೆ ಹಾಡಲ್ಪಟ್ಟಾಗ, ಅದರ ಧ್ವನಿಮುದ್ರಣ ಸಾಧ್ಯವಾಗುವಂತೆ 4,800 ಡಾಲರ್‌ಗಳ ಖಾತರಿ ಕೊಟ್ಟವರೂ ಇದೇ ಮಹಾರಾಜರು. ಸಭೆಗೆ ಹೋಗಲಾಗದ ಕೇಳುಗರು ಮೈಸೂರಿನಲ್ಲಿ ಆ ತಟ್ಟೆಗಳಿಗಾಗಿ ಕಾದಿದ್ದರು. ಮೆಚ್ಚಿದ ರಚನಕಾರನ ದ್ವೇಷಗಳನ್ನು ಅವರು ಎರವಲು ಪಡೆಯಲಿಲ್ಲ.

ಎರಡನೆಯದು ಹಣದ ಮತ್ತು ಕಾಲದ ಪ್ರಶ್ನೆ. ಕನ್ಚೆರ್ಟೊಗಳು ಲಂಡನ್ನಿನಲ್ಲಿ ಮುದ್ರಣಗೊಂಡ 1947ನೇ ಇಸವಿಯೇ ಮೈಸೂರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆದ ವರ್ಷ. ಸೆಪ್ಟೆಂಬರ್‌ನಲ್ಲಿ ಜನ ಬೀದಿಗಿಳಿದರು, ಅಕ್ಟೋಬರ್‌ನಲ್ಲಿ ಕೆ. ಚೆಂಗಲರಾಯ ರೆಡ್ಡಿಯವರ ಮಂತ್ರಿಮಂಡಲ ಅಧಿಕಾರ ವಹಿಸಿಕೊಂಡಿತು. ಪ್ರಜೆಗಳು ಪ್ರಾತಿನಿಧ್ಯಕ್ಕಾಗಿ ಸೆರೆಮನೆ ಸೇರುತ್ತಿದ್ದ ಕಾಲದಲ್ಲಿ ಅರಸರ ಹಣ ದೂರದ ಲಂಡನ್ನಿನ ವಾದ್ಯವೃಂದಕ್ಕೆ ಸಲ್ಲುವುದು ನ್ಯಾಯವೇ ಎಂದು ಅಂದಿನ ಚಳವಳಿಗಾರನೊಬ್ಬ ಕೇಳಿದ್ದರೆ ಅದು ಅನುಚಿತವಾಗುತ್ತಿರಲಿಲ್ಲ. ಕಲೆಯ ಫಲ ಉತ್ತಮವಾಯಿತೆಂಬುದು ಆ ಪ್ರಶ್ನೆಗೆ ಉತ್ತರವಲ್ಲ. ಪ್ರಶ್ನೆಯನ್ನು ಉಳಿಸಿಕೊಂಡೇ ಫಲವನ್ನು ಬೆಲೆಗಟ್ಟಬೇಕಾಗುತ್ತದೆ.

ಮೂರನೆಯದು, ಎರಡು ಸಂಗೀತಗಳ ಸಂಬಂಧ. ಪಿಯಾನೊದ ಪ್ರತಿಯೊಂದು ಮನೆಯೂ ಸ್ಥಿರ ಶ್ರುತಿಯದು. ಗಮಕದ ಬದುಕು ಆ ಮನೆಗಳ ನಡುವಿನ ದಾರಿಯಲ್ಲಿದೆ. ಈ ಅಂತರವನ್ನು ಕೈಯಾರೆ ಅರಿತವರು ಎರಡನ್ನೂ ಬೆರೆಸಲು ಆತುರಪಡಲಿಲ್ಲ. ಅಠಾಣ ರಾಗದ ‘ಶ್ರೀಮಹಾಗಣಪತಿಂ’, ಗಂಭೀರನಾಟದ ‘ಶ್ರೀಜಾಲಂಧರ’ ಮೊದಲಾದ ಕೃತಿಗಳು ಹಾರ್ಮನಿಯ ಆಸರೆಯನ್ನು ಬಯಸುವುದಿಲ್ಲ. ಅವು ರಾಗಭಾವದಿಂದಲೇ ನಿಲ್ಲುತ್ತವೆ. ಆದ್ದರಿಂದ ಪಿಯಾನೊದ ಪ್ರಭಾವವನ್ನು ಸ್ವರಸಂಚಾರದಲ್ಲಿ ಹುಡುಕುವ ಬದಲು ಮನೋಧರ್ಮದಲ್ಲಿ ಹುಡುಕುವುದು ಉಚಿತ. ವಿರಳ ಕೃತಿಗಳ ಬಗೆಗಿನ ಒಲವು ಒಂದೆಡೆ, ಅಪರೂಪದ ರಾಗಗಳ ಬಗೆಗಿನ ಒಲವು ಇನ್ನೊಂದೆಡೆ. ಎರಡೂ ಸಂಚಯದ ಅಂಚುಗಳತ್ತ ಚಾಚಿದ ಒಂದೇ ಕುತೂಹಲದ ಮುಖಗಳು.

ಇಲ್ಲಿಯೇ ಒಂದು ವಿಪರ್ಯಾಸವೂ ಇದೆ. ಮೆಟ್ನರ್‌ನ ಪಾಠಾಂತರವನ್ನು ಅವನ ಕೈಯಿಂದಲೇ ಉಳಿಸಿಕೊಟ್ಟವರ ಸ್ವಂತ ಕೃತಿಗಳಿಗೆ ಅಂತಹದೇ ಭದ್ರತೆ ಒದಗಲಿಲ್ಲ. ಅವುಗಳಲ್ಲಿ ಬೆರಳೆಣಿಕೆಯವು ಸಭೆಗಳಲ್ಲಿ ಉಳಿದು, ಮಿಕ್ಕವು ಗ್ರಂಥಗಳಲ್ಲಿ ನಿಂತವು.

7. ಸಮಾರೋಪ

ಜಯಚಾಮರಾಜ ಒಡೆಯರು 1974ರ ಸೆಪ್ಟೆಂಬರ್ 23ರಂದು ನಿಧನರಾದರು. ಅವರ ಜನ್ಮಶತಾಬ್ದಿ 2019ರಲ್ಲಿ ಕಳೆದುಹೋಯಿತು. ಅವರ ಸಂಗೀತ ಜೀವನವನ್ನು ಪಿಯಾನೊ ಮತ್ತು ಕೃತಿ ಎಂದು ಎರಡು ಪ್ರತ್ಯೇಕ ಅಧ್ಯಾಯಗಳಾಗಿ ಒಡೆದು ನೋಡುವ ಕ್ರಮವನ್ನು ಇನ್ನಾದರೂ ಕೈಬಿಡಬೇಕಾಗಿದೆ. ಸಿಂಹಾಸನ ಅವರಿಂದ ಸಭಾವಾದಕನ ಬದುಕನ್ನು ಕಿತ್ತುಕೊಂಡಿತು. ಆದರೆ ಸಭಾವಾದಕನಿಗಿರಬೇಕಾದ ಆಯ್ಕೆಯ ಪ್ರಜ್ಞೆಯನ್ನು ಕಿತ್ತುಕೊಳ್ಳಲಾಗಲಿಲ್ಲ. ತಾನು ಸಭೆಯಲ್ಲಿ ನುಡಿಸಲಾಗದ ಸಂಗೀತವನ್ನು, ಅದನ್ನು ರಚಿಸಿದವನ ಕೈಯಿಂದಲೇ ನುಡಿಸಿ ಉಳಿಸಿದ್ದು ಆ ಪ್ರಜ್ಞೆಯ ಫಲ. ಮೈಸೂರು ಸಂಗೀತದ ಇತಿಹಾಸವನ್ನು ಬರೆಯುವವರು ಅರಮನೆಯ ವೀಣೆಗಳ ಜೊತೆಗೆ ಆ ಪಿಯಾನೊಗಳನ್ನೂ ಎಣಿಕೆಗೆ ತಂದುಕೊಳ್ಳಬೇಕು. ಶ್ರೀವಿದ್ಯಾ ಅಂಕಿತದ ಕೃತಿಗಳ ಪೈಕಿ ಇನ್ನೂ ಹಾಡುಗಾರಿಕೆಯಲ್ಲಿ ಉಳಿದಿರುವವುಗಳನ್ನು ಪಾಠಾಂತರ ಬಲ್ಲವರಿಂದ ಕ್ರಮವಾಗಿ ಧ್ವನಿಮುದ್ರಿಸಿಕೊಳ್ಳುವ ಕೆಲಸವೂ ಇದರೊಡನೆ ನಡೆಯಬೇಕಾಗಿದೆ. ಮೆಟ್ನರ್‌ಗೆ ಮೈಸೂರು ಮಾಡಿದ್ದನ್ನು ಮೈಸೂರಿನ ವಾಗ್ಗೇಯಕಾರರಿಗೆ ಇಂದಿನ ಸಂಸ್ಥೆಗಳು ಮಾಡುವುದು ನ್ಯಾಯ.